ಬದುಕಿರುವ ತಮ್ಮನಿಗಾಗಿ ಕಪ್ಪು ಉಡುಪು

ಡಾರ್ಕಸ್ ಥರ್ಕೆಲ್, ಕೋಂ ರೂಬೆನ್ ಥರ್ಕೆಲ್, ವಯಸ್ಸು ಮೂವತ್ತೇಳು, ಕಸುಬು ಹೆಂಗಸರ ಬಟ್ಟೆ ಹೊಲಿಗೆ, ವಾಸ ರೋಪ್ ಲೇನ್, ಸ್ಕೆಲ್‌ವಿಕ್ ಬಂದರು, ಡರ್ಹಮ್ ಜಿಲ್ಲೆ, ಆದ ನಾನು ಸಾರ್ಜೆಂಟ್ ಬುಲ್ಮರ್ ಅವರ ಮುಂದೆ ಹಾಜರಾಗಿ ಈ ಮೂಲಕ ತಿಳಿಸುವುದೇನೆಂದರೆ,

ನಾನು ಹದಿನೈದು ವರ್ಷಗಳಿಂದ ಸಾವಿನ ಮನೆಗಳಿಗೆ ಶೋಕದ ಕಪ್ಪು ಉಡುಪು ಹೊಲಿದುಕೊಡುತ್ತಾ ಬಂದಿರುತ್ತೇನೆ. ನನ್ನ ಗಂಡ ರೂಬೆನ್ ಹಡಗಿನ ಬಡಗಿ. ನಮಗೆ ಮಕ್ಕಳಿಲ್ಲ. ಸದರಿ ರೂಬೆನ್ ಈ ವರ್ಷದ ಅಕ್ಟೋಬರ್ ಕೊನೆಯಲ್ಲಿ ಜೋಸಯ ಹೋಲ್ರಾಯ್ಡ್ ಸಾಹೇಬರ ಮಾಲೀಕತ್ವದ ಲಿನೆಟ್ ಎಂಬ ಕಲ್ಲಿದ್ದಲು ಹಡಗಿನಲ್ಲಿ ಲಿಸ್ಬನ್‌ವರೆಗಿನ ಪ್ರಯಾಣಕ್ಕೆ ಒಪ್ಪಿ ರುಜು ಹಾಕಿದ್ದನು. ಹಡಗಿನ ಕಪ್ತಾನ ಆಂಬ್ರೋಸ್ ಪೆಲ್. ಈತ ಹೋಲ್ರಾಯ್ಡ್ ಸಾಹೇಬರ ಹೆಂಡತಿ ಲೆಟೀಷಿಯಾ ಅಮ್ಮನವರ ಒಬ್ಬನೇ ತಮ್ಮ. ಅಮ್ಮನವರಿಗೆ ಬೇರೆ ಒಡಹುಟ್ಟಿದವರಿಲ್ಲ.

ದಿನಾಂಕ 2ನೇ ನವೆಂಬರ್ 1869, ಮಂಗಳವಾರ ಬೆಳಿಗ್ಗೆ ಹೋಲ್ರಾಯ್ಡ್ ಅವರ ಮನೆಯ ಕೆಲಸದ ಹುಡುಗಿ ಕೆಜಾಯ ಬಂದು, ಅಮ್ಮನವರು ಅಳತೆ ಕೊಡಲು ಕರೆಯುತ್ತಿದ್ದಾರೆ ಎಂದು ಹೇಳಿದಳು. ಅದರಂತೆ ನಾನು ಬೆಟ್ಟದ ಮೇಲಿನ ಅವರ ಮನೆಗೆ ಹೋಗಿ ಎಂದಿನಂತೆ ಹಿಂಬಾಗಿಲಿನಿಂದ ಒಳಗೆ ಹೋದೆನು. ಅಮ್ಮನವರು ಕೆಜಾಯಳನ್ನು ಟೀ ತರುವ ನೆಪದಲ್ಲಿ ಕೆಳಗೆ ಕಳುಹಿಸಿ, ಮೈತುಂಬ ಕಪ್ಪು ಉಡುಪು, ಟೋಪಿ, ಮುಖದ ಪರದೆ ಎಲ್ಲಾ ಆಗಬೇಕು ಎಂದರು. ಶೋಕದ ಬಟ್ಟೆಗೆ ಸತ್ತವರ ಸಂಬಂಧ ಕೇಳದೆ ಕತ್ತರಿ ಹಾಕುವಂತಿಲ್ಲ. ಗಂಡನಾದರೆ ಕ್ರೇಪ್ ಎಂಬ ಶೋಕದ ಸುಕ್ಕುಬಟ್ಟೆ ಸೊಂಟದವರೆಗೆ ಬರಬೇಕು, ದೊಡ್ಡಮ್ಮ ಚಿಕ್ಕಮ್ಮಂದಿರಾದರೆ ಅಂಚಿಗೆ ಮಾತ್ರ ಸಾಕು. ಆದ್ದರಿಂದ ತೀರಿಕೊಂಡವರು ಯಾರು ಎಂದು ಕೇಳಿದೆನು. ಅವರು ಕನ್ನಡಿ ನೋಡಿಕೊಂಡೇ, ನನ್ನ ತಮ್ಮ ಎಂದರು.

ಆ ದಿನ ಬೆಳಿಗ್ಗೆ ಬಂದರಿನ ಕಟ್ಟೆಯ ಮೇಲೆ ಕಪ್ತಾನ ಪೆಲ್ ಸಿಳ್ಳೆ ಹಾಕಿಕೊಂಡು ಹೋಗುವುದನ್ನು ನಾನೇ ನೋಡಿದ್ದೆನು. ಅದನ್ನು ಹೇಳಿದೆನು. ಅಮ್ಮನವರು, ನಿನ್ನ ಗಂಡ ಇನ್ನೂ ಲಿನೆಟ್‌ನಲ್ಲೇ ಬಡಗಿಯೋ ಎಂದು ಕೇಳಿದರು. ಹೌದು ಎಂದೆನು.

"ಹಾಗಾದ್ರೆ ನೋಡ್ಕೊಂಡು ಕತ್ತರಿಸು, ಡಾರ್ಕಸ್," ಎಂದರು. "ಅವಸರ ಇಲ್ಲ. ಮುಂದಿನ ವಾರ ಕೊಟ್ರೆ ಸಾಕು."

ನನ್ನ ಕಸುಬಿನಲ್ಲಿ ಅವಸರವಿಲ್ಲ ಎಂಬ ಮಾತನ್ನು ನಾನು ಅದುವರೆಗೆ ಕೇಳಿರಲಿಲ್ಲ. ಹೆಣ ಮನೆಯಲ್ಲಿ ಇಟ್ಟುಕೊಂಡವರು ನಾಳೆಯೇ ಬೇಕು ಎನ್ನುತ್ತಾರೆ. ಕೆಜಾಯ ಟೀ ತಂದ ಕೂಡಲೇ ಅಮ್ಮನವರ ದನಿ ಬದಲಾಯಿತು. ಲಿಂಕನ್ ಊರಿನ ಚಿಕ್ಕಮ್ಮನಿಗೆ ತುಂಬಾ ಕಾಯಿಲೆ, ಪಾಪ, ಹೆಚ್ಚು ದಿನ ಇಲ್ಲ ಎಂದು ಗಟ್ಟಿಯಾಗಿ ಹೇಳಿದರು. ಚಿಕ್ಕಮ್ಮನಿಗೆ ಅಷ್ಟು ಕ್ರೇಪ್ ಯಾರೂ ಹಾಕುವುದಿಲ್ಲ. ನಾನು ಅಳತೆ ತೆಗೆದುಕೊಂಡು ಹೊರಟೆನು. ಗೇಟು ದಾಟಿದ ಮೇಲೆ ನನ್ನ ಮನಸ್ಸಿಗೆ ಬಂದದ್ದು ಇಷ್ಟೇ: ಈ ಹೆಂಗಸಿಗೆ ಆ ಹಡಗು ಹಿಂದಿರುಗುವುದಿಲ್ಲವೆಂದು ಗೊತ್ತಿದೆ. ಮಳೆಗಾಲಕ್ಕೆ ಮುಂಚೆ ಕೊಡೆ ಕೊಳ್ಳುವವರ ಹಾಗೆ ತಮ್ಮನ ಸಾವಿಗೆ ಬಟ್ಟೆ ಹೊಲಿಸಿಡುತ್ತಿದ್ದಾಳೆ. ನನ್ನ ಗಂಡನ ಸಾವಿಗೆ ಬಟ್ಟೆ ಹೊಲಿದುಕೊಳ್ಳಲು ನನಗೆ ಮಾತ್ರ ಯಾರೂ ಹೇಳಿಲ್ಲ.

ಅದೇ ಸಂಜೆ ರೂಬೆನ್ ಊಟಕ್ಕೆ ಕೂತಾಗ ಎಲ್ಲವನ್ನೂ ತಿಳಿಸಿದೆನು. ಅವನು ಹೊಗೆ ಹಾಕಿದ ಮೀನು ಬಿಡಿಸುತ್ತಿದ್ದವನು ಕೈ ನಿಲ್ಲಿಸಿದನು. ನಾನು ಬಿಡದೆ ಕೇಳಿದ ಮೇಲೆ, ನೀರಿನ ಮಟ್ಟದ ಕೆಳಗೆ ಎಡಮಗ್ಗುಲ ಹಲಗೆಗಳಿಗೆಲ್ಲ ಹೊಸದಾಗಿ ಬಣ್ಣ ಬಳಿದಿದ್ದಾರೆ, ಬಿರುಕುಗಳನ್ನು ಮೆತ್ತಿ ಮುಚ್ಚಿದ್ದಾರೆ, ಅಲ್ಲಿ ಕೈ ಹಾಕಬೇಡ ಎಂದು ಸಾಹೇಬರ ಗುಮಾಸ್ತ ಹೇಳಿದ್ದಾನೆ ಎಂದು ಬಾಯಿ ಬಿಟ್ಟನು.

"ಸುತ್ತಿಗೆಯಲ್ಲಿ ತಟ್ಟಿದ್ರೆ ಮರ ಮಾತಾಡ್ಬೇಕು ಡಾರ್ಕಸ್. ಅದು ಮಾತಾಡ್ತಿಲ್ಲ," ಎಂದನು.

ಹಾಗಾದರೆ ಹತ್ತಬೇಡ ಎಂದೆನು. ರುಜು ಹಾಕಿ ಹತ್ತದಿದ್ದರೆ ಜೈಲು, ಅದಕ್ಕಿಂತ ಹೆಚ್ಚಾಗಿ ಹೇಡಿ ಎಂಬ ಹೆಸರು ಬಂದರೆ ಈ ಕರಾವಳಿಯಲ್ಲಿ ಯಾವ ಹಡಗೂ ತನ್ನನ್ನು ಕರೆಯುವುದಿಲ್ಲ ಎಂದನು.

"ನಿನ್ನ ಹೆಸರು ಉಳಿಸೋಕೆ ನಾನು ಕಪ್ಪು ಹೊಲ್ಕೋಬೇಕಾ? ಬಟ್ಟೆ ಮನೇಲೇ ಇದೆ, ಹೇಳು, ಈಗ್ಲೇ ಕತ್ತರಿಸ್ತೀನಿ," ಎಂದು ನಾನು ಹೇಳಿದ್ದು ನಿಜ. ಅವನು ತಟ್ಟೆ ದೂಡಿ ಎದ್ದು ಹೋದನು. ನಾವು ಮದುವೆಯಾದ ಮೇಲೆ ಅವನು ಊಟ ಬಿಟ್ಟು ಎದ್ದದ್ದು ಅದೇ ಮೊದಲು.

ಮರುದಿನ ರೂಬೆನ್ ಕಪ್ತಾನ ಪೆಲ್ ಅವರನ್ನು ಕಂಡು ಹಲಗೆಗಳ ವಿಷಯ ಹೇಳಿದನು. ಕಪ್ತಾನರು ನಕ್ಕು, ನನ್ನ ಅಕ್ಕನೂ ಒಂದು ವಾರದಿಂದ ಇದೇ ರಾಗ ಹಾಡುತ್ತಿದ್ದಾಳೆ, ಹೆಂಗಸರ ಮಾತು ಕೇಳಿದರೆ ಯಾವ ಹಡಗೂ ಹೊರಡುವುದಿಲ್ಲ ಎಂದರಂತೆ. ಈ ಮಾತನ್ನು ರೂಬೆನ್ ಮನೆಗೆ ಬಂದು ಹೇಳಿದಾಗ ನಾನು ಸದರಿ ಅಮ್ಮನವರ ಉಡುಪಿನ ತೋಳು ಸೇರಿಸುತ್ತಿದ್ದೆನು. ಅಕ್ಕ ತಮ್ಮನಿಗೆ ಹೇಳಿದ್ದಾಳೆ ಎಂದಮೇಲೆ ಸುಮ್ಮನೆ ಕಾಯುತ್ತಿರುವವಳಲ್ಲ. ಆಗ ನನಗೆ ನನ್ನ ಅನುಮಾನದ ಮೇಲೆಯೇ ಅನುಮಾನ ಬಂದಿತು.

ದಿನಾಂಕ 10ರಂದು ಬುಧವಾರ ಹಡಗು ಹತ್ತುವ ಸಮಯಕ್ಕೆ ರೂಬೆನ್ ಮತ್ತು ಇನ್ನಿಬ್ಬರು ನಾವಿಕರು ಹತ್ತುವುದಿಲ್ಲವೆಂದು ತಮ್ಮ ಗಂಟುಗಳೊಂದಿಗೆ ಕಟ್ಟೆಯ ಮೇಲೆಯೇ ಕುಳಿತರು. ಹೋಲ್ರಾಯ್ಡ್ ಸಾಹೇಬರು ಪೊಲೀಸರನ್ನು ಕರೆಸಿದರು. ಇದೇ ಠಾಣೆಯ ಕಾನ್‌ಸ್ಟೇಬಲ್ ಮೂವರನ್ನೂ ಹಿಡಿದುಕೊಂಡು ಬಂದರು. ಮ್ಯಾಜಿಸ್ಟ್ರೇಟರು ಅದೇ ಮಧ್ಯಾಹ್ನ ವಿಚಾರಣೆ ನಡೆಸಿದರು. ಹಡಗಿನ ಮರ ಕೊಳೆತಿದೆ ಎಂದು ರೂಬೆನ್ ಹೇಳಲು ಹೊರಟಾಗ, ಮರದ ವಿಷಯ ಇಲ್ಲಿ ಕೇಳಿಲ್ಲ, ರುಜು ನಿನ್ನದು ಹೌದೋ ಅಲ್ಲವೋ ಎಂದು ಕೇಳಿದರು. ಹೌದು ಎಂದನು. ಹನ್ನೆರಡು ವಾರ ಶಿಕ್ಷೆಯಾಯಿತು. ಹೊರಗೆ ಕರೆದುಕೊಂಡು ಹೋಗುವಾಗ ನನ್ನ ಅಕ್ಕಪಕ್ಕದ ಹೆಂಗಸರೇ, ನೋಡಿ, ಸೀನಿದರೆ ಬೆಚ್ಚಿಬೀಳುವ ಬಡಗಿ ಎಂದು ಆಡಿಕೊಂಡರು. ಮೂವರ ಜಾಗಕ್ಕೆ ನಾವಿಕರ ವಸತಿಗೃಹದಿಂದ ಬೇರೆ ಮೂವರನ್ನು ಹಿಡಿದು ತಂದು, ಗುರುವಾರದ ಉಬ್ಬರಕ್ಕೆ ಹಡಗನ್ನು ಬಿಟ್ಟರು.

ಶನಿವಾರ ಉಡುಪು ಮುಗಿಸಿ ಕೊಂಡೊಯ್ದೆನು. ಅಮ್ಮನವರು ಪೆಟ್ಟಿಗೆಯನ್ನು ತಾವೇ ಕೈಯಾರೆ ತೆಗೆದುಕೊಂಡು ಬಾಗಿಲು ಹಾಕಿ, ರೂಬೆನ್ ಎಲ್ಲಿ ಎಂದು ಕೇಳಿದರು. ಜೈಲಿನಲ್ಲಿ ಎಂದೆನು. ನನ್ನ ದನಿಯಲ್ಲಿ ಮರ್ಯಾದೆ ಇರಲಿಲ್ಲ ಎಂಬುದನ್ನು ಒಪ್ಪುತ್ತೇನೆ.

"ಜೈಲಿನ ನೆಲ ಕಲ್ಲಿಂದು, ಡಾರ್ಕಸ್. ಅದು ಮುಳುಗೋಲ್ಲ," ಎಂದರು.

ನಂತರ ಅವರು ಉಡುಪಿನ ಗುಂಡಿಗಳನ್ನು ಒಂದೊಂದಾಗಿ ಹಾಕಿ ನೋಡುತ್ತಾ ತಿಳಿಸಿದ್ದೇನೆಂದರೆ, ಅಕ್ಟೋಬರ್ ತಿಂಗಳಲ್ಲಿ ತಮ್ಮ ಗಂಡ ವಿಮೆಯ ದಳ್ಳಾಳಿಯ ಜೊತೆ ಮಾತನಾಡುತ್ತಾ, ಲಿನೆಟ್ ಬರುವುದಕ್ಕಿಂತ ಹೋಗುವುದೇ ಲಾಭ ಎಂದು ನಕ್ಕದ್ದನ್ನು ತಾವು ಓದುವ ಕೋಣೆಯ ಬಾಗಿಲ ಹೊರಗೆ ನಿಂತು ಕೇಳಿದ್ದಾಗಿಯೂ, ತಮ್ಮನಿಗೆ ಹೇಳಿದರೆ ಅವನು ನಕ್ಕನೆಂದೂ, ಪಾದ್ರಿಗಳಿಗೆ ಹೇಳಿದರೆ ಗಂಡನ ವ್ಯವಹಾರದ ಬಗ್ಗೆ ಹೆಂಡತಿ ಕಿವಿಗೊಡಬಾರದೆಂದು ಬುದ್ಧಿ ಹೇಳಿದರೆಂದೂ ತಿಳಿಸಿದರು. ಮೊದಲ ದಿನವೇ ನನಗೆ ಬಿಡಿಸಿ ಯಾಕೆ ಹೇಳಲಿಲ್ಲ ಎಂದು ಕೇಳಿದೆನು.

"ಕೆಜಾಯ ಕೆಟ್ಟವಳಲ್ಲ. ಆದ್ರೆ ಸಾಹೇಬರು ಕೇಳಿದ್ರೆ ಎಲ್ಲಾ ಹೇಳ್ಬೇಕು, ಅವಳ ಹೊಟ್ಟೆಪಾಡು. ನಿನ್ನ ಹತ್ರ ನಾನು ಬಟ್ಟೆ ವಿಷಯ ಬಿಟ್ಟು ಬೇರೆ ಏನು ಮಾತಾಡಿದ್ರೂ ರಾತ್ರಿ ಊಟದ ಹೊತ್ತಿಗೆ ಅವರಿಗೆ ಗೊತ್ತಾಗ್ತಿತ್ತು. ಅದಕ್ಕೇ ಬಟ್ಟೆ ವಿಷಯಾನೇ ಮಾತಾಡ್ದೆ. ನಿನ್ನ ಗಂಡ ಆದ್ರೂ ಉಳ್ಕೊಳ್ಳಲಿ ಅಂತ."

ನಾನು ಅವರ ಬಗ್ಗೆ ಏನೇನು ಎಣಿಸಿದ್ದೆನೋ ಅದನ್ನು ಅವರಿಗೆ ಹೇಳಲಿಲ್ಲ. ಉಡುಪಿನ ಕೆಳಗಿನ ಅಂಚಿನ ಬಳಿ ಒಂದು ನೆರಿಗೆ ಸರಿ ಕೂತಿರಲಿಲ್ಲ. ಅದನ್ನು ಮೊಣಕಾಲೂರಿ ಸರಿ ಮಾಡಿಕೊಟ್ಟು ಬಂದೆನು.

ದಿನಾಂಕ 14 ಭಾನುವಾರ ಬೆಳಿಗ್ಗೆ ನಾನು ಚರ್ಚಿನಲ್ಲಿ ಆಸನಕ್ಕೆ ಬಾಡಿಗೆ ಕೊಡಲಾಗದವರ ಹಿಂದಿನ ಬಿಟ್ಟಿ ಸಾಲಿನಲ್ಲಿ ಕುಳಿತಿದ್ದೆನು. ಹೋಲ್ರಾಯ್ಡ್ ಸಾಹೇಬರು ಚರ್ಚಿನ ಧರ್ಮದರ್ಶಿಗಳಾದ್ದರಿಂದ ಮೊದಲೇ ಬಂದು ಮುಂದಿನ ತಮ್ಮ ಸ್ವಂತ ಆಸನದಲ್ಲಿದ್ದರು. ಮೊದಲ ಕೀರ್ತನೆ ಮುಗಿಯುವ ಹೊತ್ತಿಗೆ ಅಮ್ಮನವರು ಒಬ್ಬರೇ, ಕಾಲಿನಿಂದ ತಲೆಯವರೆಗೆ ಕಪ್ಪಿನಲ್ಲಿ, ಮುಖದ ಪರದೆ ಇಳಿಬಿಟ್ಟುಕೊಂಡು ನಡುವಿನ ದಾರಿಯಲ್ಲಿ ನಡೆದು ಬಂದರು. ಊರಿನ ಎಲ್ಲಾ ಟೋಪಿಗಳೂ ತಿರುಗಿದವು. ಸಾಹೇಬರು ಎದ್ದು ನಿಂತರು, ಮತ್ತೆ ಕುಳಿತರು. ಪ್ರಾರ್ಥನೆ ನಡೆಯುವಾಗ ಏಳುವಂತಿಲ್ಲವಲ್ಲ. ಪಾದ್ರಿಗಳ ಉಪದೇಶ ಮುಗಿಯುವವರೆಗೂ ಅವರಿಬ್ಬರೂ ಅಕ್ಕಪಕ್ಕದಲ್ಲೇ ಕುಳಿತಿದ್ದರು.

ಹೊರಗೆ ಬಂದಾಗ ಪಾದ್ರಿಗಳ ಹೆಂಡತಿ ಪದ್ಧತಿಯಂತೆ ಹತ್ತಿರ ಬಂದು ಕೈ ಹಿಡಿದು, ಯಾರು ತೀರಿಕೊಂಡರು ಎಂದು ವಿಚಾರಿಸಿದರು. ನಾನು ನಾಲ್ಕೈದು ಮಾರು ದೂರದಲ್ಲಿದ್ದೆನು. ಅಮ್ಮನವರು ಪರದೆ ಎತ್ತಿ, ಎಲ್ಲರಿಗೂ ಕೇಳುವ ಹಾಗೆ ಉತ್ತರಿಸಿದರು.

"ನನ್ನ ತಮ್ಮ ಆಂಬ್ರೋಸ್. ಗುರುವಾರ ಲಿನೆಟ್‌ನಲ್ಲಿ ಹೋದ."

ಅಯ್ಯೋ, ಸುದ್ದಿ ಯಾವಾಗ ಬಂತು ಎಂದು ಪಾದ್ರಿಗಳ ಹೆಂಡತಿ ಕೇಳಿದರು.

"ಸುದ್ದಿ ಇನ್ನೂ ಬಂದಿಲ್ಲ. ನಮ್ಮ ಯಜಮಾನರು ಅದಕ್ಕೇ ಕಾಯ್ತಿದ್ದಾರೆ."

ಅಲ್ಲಿ ಹಡಗಿನ ಮಾಲೀಕರು, ನಾವಿಕರ ಹೆಂಡತಿಯರು, ಬ್ಯಾಂಕಿನವರು, ವಿಮೆಯ ದಳ್ಳಾಳಿ ಎಲ್ಲರೂ ಇದ್ದರು. ಸಾಹೇಬರು ಅಮ್ಮನವರ ಮೊಣಕೈ ಹಿಡಿದು ಗಾಡಿಗೆ ಹತ್ತಿಸಿದರು. ಅವರು ನಗುನಗುತ್ತಲೇ ಇದ್ದರು, ಆದರೆ ಅಮ್ಮನವರ ತೋಳಿನ ಕ್ರೇಪ್ ಅವರ ಬೆರಳಡಿ ಮುದ್ದೆಯಾಗಿದ್ದನ್ನು ನಾನು ಕಂಡೆನು.

ಅಂದಿನಿಂದ ಆ ಮನೆಯ ಕಿಟಕಿಗಳ ಪರದೆಗಳು ಎಳೆದೇ ಇದ್ದವು. ಮಂಗಳವಾರ ಅಮ್ಮನವರು ಅತಿಥಿಗಳನ್ನು ಬರಮಾಡಿಕೊಳ್ಳುವ ದಿನ. ಅಂದು ಊರಿನ ದೊಡ್ಡ ಹೆಂಗಸರೆಲ್ಲ ಗಾಡಿಗಳಲ್ಲಿ ಬಂದರು. ಎಲ್ಲರಿಗೂ, ಅಮ್ಮನವರು ಮನೆಯಲ್ಲಿಲ್ಲ ಎಂದು ಹೇಳಿ ಅವರ ಹೆಸರಿನ ಚೀಟಿ ತೆಗೆದುಕೊಂಡು ಕಳುಹಿಸಲಾಯಿತು. ಮನೆಯಲ್ಲಿದ್ದೂ ಇಲ್ಲವೆನ್ನುವುದು ದೊಡ್ಡವರ ಪದ್ಧತಿ, ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಆ ಪದ್ಧತಿ ಮುಂಬಾಗಿಲಿಗೆ ಮಾತ್ರ. ಬುಧವಾರ ನಾನು ತೋಳಿನ ಅಂಚು ಸರಿಪಡಿಸುವ ನೆಪ ಮಾಡಿಕೊಂಡು ಹಿಂಬಾಗಿಲಿಗೆ ಹೋದಾಗ ಕೆಜಾಯ ನನಗೂ ಅದನ್ನೇ ಹೇಳಿದಳು. ಅವಳ ಕೈಯಲ್ಲಿದ್ದ ತಟ್ಟೆಯಲ್ಲಿ ಗಂಜಿಯ ಬಟ್ಟಲು, ಅದರ ಪಕ್ಕದಲ್ಲಿ ಅಫೀಮಿನ ದ್ರಾವಣದ ಸೀಸೆ ಇದ್ದವು. ಯಾರಿಗೆ ಎಂದು ಕೇಳಿದೆನು.

"ಕೇಳ್ಬೇಡಿ ಅಕ್ಕಾ," ಎಂದು ಬಾಗಿಲು ಹಾಕಿದಳು.

ಗುರುವಾರ ಮಧ್ಯಾಹ್ನ ಹೋಲ್ರಾಯ್ಡ್ ಸಾಹೇಬರು ತಾವೇ ನನ್ನ ಮನೆಗೆ ಬಂದರು. ಅಷ್ಟು ದೊಡ್ಡವರು ರೋಪ್ ಲೇನ್‌ನಲ್ಲಿ ಕಾಲಿಟ್ಟಿದ್ದು ನಾನು ಕಂಡಿಲ್ಲ. ಟೋಪಿ ತೆಗೆದು, ನಾನು ಕೂರುವ ಕುರ್ಚಿಯಲ್ಲಿ ಕುಳಿತು, ತುಂಬ ಮೃದುವಾಗಿ ಮಾತನಾಡಿದರು. ತಮ್ಮ ಹೆಂಡತಿಗೆ ಬುದ್ಧಿ ಸ್ಥಿಮಿತ ತಪ್ಪಿದೆಯೆಂದೂ, ಯಾರ್ಕ್ ಬಳಿ ಅಂಥ ಹೆಂಗಸರನ್ನು ನೋಡಿಕೊಳ್ಳುವ ಶಾಂತವಾದ ಮನೆಯೊಂದು ಇದೆಯೆಂದೂ, ಅಲ್ಲಿಗೆ ಸೇರಿಸಲು ಇಬ್ಬರು ವೈದ್ಯರ ರುಜು ಬೇಕೆಂದೂ, ಒಬ್ಬರು ಈಗಾಗಲೇ ನೋಡಿಹೋಗಿದ್ದಾರೆ, ಇನ್ನೊಬ್ಬರು ಶನಿವಾರ ಬರುತ್ತಾರೆಂದೂ ಹೇಳಿದರು. ಬಟ್ಟೆಗೆ ಹೇಳಿದ ದಿನ ಅಮ್ಮನವರು ನನ್ನೆದುರು ಹುಚ್ಚುಹುಚ್ಚಾಗಿ ಮಾತನಾಡಿದರೆಂದು ಆ ವೈದ್ಯರಿಗೆ ನಾನು ಹೇಳಬೇಕು, ಅಷ್ಟೇ ಎಂದರು.

"ಮ್ಯಾಜಿಸ್ಟ್ರೇಟರು ನಮ್ಮ ಮನೆಗೆ ಊಟಕ್ಕೆ ಬರೋರು. ನಾನೊಂದು ಮಾತು ಹೇಳಿದ್ರೆ ನಿನ್ನ ಗಂಡ ಭಾನುವಾರ ನಿನ್ನ ಜೊತೆ ಊಟಕ್ಕೆ ಕೂತಿರ್ತಾನೆ. ಯೋಚನೆ ಮಾಡು."

ಯೋಚನೆ ಮಾಡಿ ನಾಳೆ ಹೇಳುತ್ತೇನೆ ಎಂದೆನು. ಇಲ್ಲ ಎಂದು ಕೂಡಲೇ ಹೇಳಲಿಲ್ಲ. ರೂಬೆನ್‌ಗೆ ಎದೆ ಸರಿಯಿಲ್ಲ, ಚಳಿಗಾಲದಲ್ಲಿ ಕೆಮ್ಮುತ್ತಾನೆ. ಸಾಹೇಬರು ಹೋದ ಮೇಲೆ ಅವನ ಇನ್ನೊಂದು ಅಂಗಿಯನ್ನು ಒಗೆದು ಒಲೆಯ ಮುಂದೆ ಹರವಿದೆನು, ಅವನು ಬಂದೇ ಬರುತ್ತಾನೆ ಎನ್ನುವ ಹಾಗೆ. ಆಮೇಲೆ ಆ ಅಂಗಿ ಹಾಕಿಕೊಂಡು ಅವನು ನನ್ನನ್ನು ಏನು ಕೇಳುತ್ತಾನೆ ಎಂದು ಯೋಚಿಸಿದೆನು. ಅವನಿಗೆ ನಾನು ಏನು ಹೇಳಲಿ.

ದಿನಾಂಕ 19 ಶುಕ್ರವಾರ ಬೆಳಿಗ್ಗೆ ಈ ಠಾಣೆಗೆ ಬಂದು, ಭಾನುವಾರದಿಂದ ಲೆಟೀಷಿಯಾ ಅಮ್ಮನವರನ್ನು ಯಾರೂ ಕಂಡಿಲ್ಲ, ಅವರನ್ನು ಪೊಲೀಸರು ಕಣ್ಣಾರೆ ನೋಡಬೇಕು ಎಂದು ಸಾರ್ಜೆಂಟ್ ಬುಲ್ಮರ್ ಅವರಲ್ಲಿ ಕೇಳಿಕೊಂಡೆನು. ಸಾರ್ಜೆಂಟರು, ಗಂಡ ತನ್ನ ಮನೆಯಲ್ಲಿ ಹೆಂಡತಿಯನ್ನು ಇಟ್ಟುಕೊಂಡರೆ ಅದು ಅಪರಾಧವಲ್ಲ ಎಂದರು. ಸಾಹೇಬರು ನನಗೆ ಹೇಳಿದ್ದನ್ನು ತಿಳಿಸಿದಾಗ ಲೇಖನಿ ಕೆಳಗಿಟ್ಟು, ಇದನ್ನು ಹೇಳಿದರೆ ನಿನ್ನ ಗಂಡ ಒಳಗೇ ಇರುತ್ತಾನೆ, ಗೊತ್ತಿದೆ ತಾನೇ ಎಂದು ಕೇಳಿದರು. ಗೊತ್ತಿದೆ ಎಂದೆನು.

ಹೀಗೆ ಮಾತನಾಡುತ್ತಿರುವಾಗ ಬಾಗಿಲು ತೆರೆದು ಕಪ್ತಾನ ಆಂಬ್ರೋಸ್ ಪೆಲ್ ಒಳಗೆ ಬಂದರು. ಗಡ್ಡ ಬೋಳಿಸಿರಲಿಲ್ಲ, ಕೋಟಿಗೆಲ್ಲ ಕಲ್ಲಿದ್ದಲ ಪುಡಿ. ಸಾರ್ಜೆಂಟರು ಎದ್ದು ನಿಂತರು. ಕಪ್ತಾನರು ಹೇಳಿದ್ದೇನೆಂದರೆ, ಎದುರು ಗಾಳಿಯಿಂದಾಗಿ ಲಿನೆಟ್ ಯಾರ್ಮತ್ ಬಳಿ ಲಂಗರು ಹಾಕಿ ನಿಂತಿತ್ತು, ಆ ಸುದ್ದಿಯನ್ನು ಸಾಹೇಬರಿಗೆ ಕಳುಹಿಸಿಯೂ ಆಗಿತ್ತು. ಸೋಮವಾರ ಹೋಲ್ರಾಯ್ಡ್ ಸಾಹೇಬರಿಂದಲೇ ತಂತಿ ಬಂತು, ಹಡಗನ್ನು ಒಳಗೆ ತಂದು ತಪಾಸಣೆ ಮಾಡಿಸು ಎಂದು. ತಪಾಸಣೆಯವರು ಎಡಮಗ್ಗುಲ ಹಲಗೆಗೆ ಚಾಕು ಒತ್ತಿದರೆ ಹಿಡಿಯವರೆಗೆ ಇಳಿಯಿತು. ಹಡಗು ಅಲ್ಲಿಯೇ ತಡೆಹಿಡಿಯಲ್ಪಟ್ಟಿದೆ. ಸಾಹೇಬರಿಗೆ ಇದ್ದಕ್ಕಿದ್ದಂತೆ ಅಷ್ಟು ಕಾಳಜಿ ಯಾಕೆ ಬಂತೆಂದು ನನಗೆ ಅರ್ಥವಾಗದೆ ರೈಲು ಹತ್ತಿ ಬಂದೆ, ಮನೆಗೆ ಹೋದರೆ ಅಕ್ಕ ಮನೆಯಲ್ಲಿಲ್ಲ ಎಂದು ಬಾಗಿಲು ಹಾಕಿದರು ಎಂದರು. ಸಾರ್ಜೆಂಟರು ಅವರಿಗೆ ಭಾನುವಾರ ಚರ್ಚಿನ ಹೊರಗೆ ನಡೆದದ್ದನ್ನು ತಿಳಿಸಿದರು. ಹೆಂಡತಿ ಊರಿನೆದುರು ಮೊದಲೇ ಕಪ್ಪು ಉಟ್ಟ ಮೇಲೆ ಹಡಗು ಮುಳುಗಿದರೆ ಯಾವ ವಿಮೆಯವರು ಕೊಡುತ್ತಾರೆ, ಸಾಹೇಬರ ಕೊರಳಿಗೇ ಬರುತ್ತಿತ್ತು ಎಂದರು. ಕಪ್ತಾನರು ಬೆಂಚಿನ ಮೇಲೆ ಕುಳಿತುಬಿಟ್ಟರು.

"ಅವಳು ಹೇಳಿದಾಗ ನಾನು ನಕ್ಕೆ," ಎಂದರು. ಅದನ್ನೇ ಎರಡು ಸಲ ಹೇಳಿದರು.

ನಂತರ ಸಾರ್ಜೆಂಟರು, ಕಪ್ತಾನರು ಮತ್ತು ನಾನು ಬೆಟ್ಟದ ಮನೆಗೆ ಹೋದೆವು. ಕೆಜಾಯ ಬಾಗಿಲು ತೆರೆದವಳು ಕಪ್ತಾನರ ಹಿಂದೆ ಸಾರ್ಜೆಂಟರನ್ನು ಕಂಡು ಪಕ್ಕಕ್ಕೆ ಸರಿದು, ಮೇಲಿನ ಹಿಂದಿನ ಕೋಣೆಯತ್ತ ಕಣ್ಣು ಮಾಡಿದಳು. ಕೋಣೆಗೆ ಹೊರಗಿನಿಂದ ಬೀಗ. ಬೀಗದ ಕೈ ಅವಳ ಬಳಿಯೇ ಇತ್ತು. ಅಮ್ಮನವರು ರಾತ್ರಿಯ ಉಡುಪಿನಲ್ಲಿ ಹಾಸಿಗೆಯ ಅಂಚಿಗೆ ಕುಳಿತಿದ್ದರು, ಮದ್ದಿನ ಮಂಪರು ಇಳಿದಿರಲಿಲ್ಲ. ತಮ್ಮನನ್ನು ಕಂಡು ಕೂಗಲಿಲ್ಲ. ಹತ್ತಿರ ಬಾ ಎಂದು ಕೈ ಮಾಡಿ, ಅವನ ಕೋಟನ್ನು ಮುಟ್ಟಿ, ಕೈಗೆ ಹತ್ತಿದ ಕಲ್ಲಿದ್ದಲ ಪುಡಿಯನ್ನು ನೋಡಿಕೊಂಡರು. ಆಮೇಲೆ ಅವನ ಕೆನ್ನೆಗೆ ಒಂದು ಏಟು ಕೊಟ್ಟರು. ಶಕ್ತಿಯಿಲ್ಲದ ಏಟು. ಕಪ್ತಾನರು ಆ ಕೈಯನ್ನು ಕೆನ್ನೆಯ ಮೇಲೆಯೇ ಹಿಡಿದುಕೊಂಡರು.

ಹೋಲ್ರಾಯ್ಡ್ ಸಾಹೇಬರು ಮೆಟ್ಟಿಲ ಬಳಿ ಅಡ್ಡ ನಿಂತು, ಇದು ತಮ್ಮ ಮನೆ, ಈಕೆ ತಮ್ಮ ಹೆಂಡತಿ, ಕಾನೂನು ಏನು ಹೇಳುತ್ತದೆಂದು ಸಾರ್ಜೆಂಟರಿಗೆ ಗೊತ್ತಿರಬೇಕು ಎಂದರು. ಸಾರ್ಜೆಂಟರು ಟೋಪಿ ತೆಗೆದು ಕಂಕುಳಲ್ಲಿ ಇಟ್ಟುಕೊಂಡರು.

"ಗೊತ್ತಿದೆ ಸಾಹೇಬ್ರೇ. ತಮ್ಮಿಂದ ಹೆಂಡತೀನ ಯಾರೂ ಕರ್ಕೊಂಡು ಹೋಗ್ತಿಲ್ಲ. ಅಮ್ಮನವರ ತಮ್ಮ ಊರಿಗೆ ಬಂದಿದ್ದಾನೆ, ಅಕ್ಕನ್ನ ಊಟಕ್ಕೆ ಕರೀತಿದ್ದಾನೆ. ಊಟಕ್ಕೆ ಹೋಗೋದು ತಪ್ಪು ಅಂತ ಯಾವ ಕಾನೂನಲ್ಲೂ ನಾನು ಓದಿಲ್ಲ. ತಾವು ತಡೆದ್ರೆ ಯಾಕೆ ತಡೆದ್ರಿ ಅಂತ ಬರ್ಕೋಬೇಕಾಗುತ್ತೆ."

ಸಾಹೇಬರು ಪಕ್ಕಕ್ಕೆ ಸರಿದು ದಾರಿ ಬಿಟ್ಟರು. ಕೆಜಾಯ ತನ್ನ ಸ್ವಂತ ಶಾಲನ್ನು ತಂದು ಅಮ್ಮನವರಿಗೆ ಹೊದಿಸಿದಳು, ಆಮೇಲೆ ತಾನೂ ಅವರ ಹಿಂದೆಯೇ ಹೊರಟಳು. ಅಮ್ಮನವರು ಈಗ ತಮ್ಮನ ಜೊತೆ ಬಂದರಿನ ಬಳಿಯ ಹೋಟೆಲಿನಲ್ಲಿದ್ದಾರೆ. ಊಟ ಇನ್ನೂ ಮುಗಿದಿಲ್ಲವೆಂದು ಇಂದು ಬೆಳಿಗ್ಗೆ ಸಾಹೇಬರಿಗೆ ಹೇಳಿ ಕಳುಹಿಸಿದ್ದಾರೆ. ಶನಿವಾರವಾದ ಇಂದು ಬರಬೇಕಿದ್ದ ವೈದ್ಯರು ಬಂದು, ನೋಡಬೇಕಾದವರು ಮನೆಯಲ್ಲಿಲ್ಲ ಎಂದು ಕೇಳಿ ಹಿಂದಿರುಗಿದರು.

ಮೇಲೆ ಹೇಳಿದ್ದನ್ನು ಸಾರ್ಜೆಂಟ್ ಬುಲ್ಮರ್ ಅವರು ಬರೆದುಕೊಂಡು ನನಗೆ ಓದಿ ಹೇಳಿದರು. ಎಲ್ಲವೂ ನಾನು ಹೇಳಿದ ಹಾಗೆಯೇ ಇತ್ತು, ಆದರೆ ನನ್ನ ಗಂಡನ ವಿಷಯ ಜೈಲಿಗೆ ಹೋದ ಎಂಬಲ್ಲಿಗೇ ನಿಂತಿತ್ತು. ಹಡಗು ಕೊಳೆತಿದೆ ಎಂದು ಯಾರ್ಮತ್‌ನ ತಪಾಸಣೆಯವರು ಹೇಳಿದ್ದನ್ನೇ ರೂಬೆನ್ ಥರ್ಕೆಲ್ ಮ್ಯಾಜಿಸ್ಟ್ರೇಟರ ಮುಂದೆ ಹೇಳಲು ಹೊರಟಿದ್ದ, ಅವನ ಬಾಯಿ ಮುಚ್ಚಿಸಿದರು, ಅವನು ಇನ್ನೂ ಒಳಗಿದ್ದಾನೆ ಎಂದು ಬರೆಯಿರಿ ಎಂದೆನು. ಸಾರ್ಜೆಂಟರು, ಅದು ಮುಗಿದ ಪ್ರಕರಣ, ಹಡಗು ಕೊಳೆತಿತ್ತೋ ಇಲ್ಲವೋ ಎಂಬುದರ ಮೇಲೆ ಶಿಕ್ಷೆಯಾದದ್ದಲ್ಲ, ಈ ಹೇಳಿಕೆಯಲ್ಲಿ ಅದಕ್ಕೆ ಜಾಗವಿಲ್ಲ ಎಂದರು. ಹಾಗಾದರೆ ನನ್ನ ರುಜುವಿಗೂ ಜಾಗವಿಲ್ಲ ಎಂದು ನಾನು ಕೈ ಹಿಂದಕ್ಕೆ ತೆಗೆದುಕೊಂಡೆನು. ಅವರು ನನ್ನನ್ನು ನೋಡಿದರು, ಕಿಟಕಿಯ ಕಡೆ ನೋಡಿದರು, ಆಮೇಲೆ ಲೇಖನಿಯನ್ನು ಮಸಿಗೆ ಅದ್ದಿ ಬರೆದರು. ಬರೆದದ್ದನ್ನು ಓದಿಸಿ ಕೇಳಿದೆನು. ಈಗ ಇದರಲ್ಲಿ ಸುಳ್ಳೂ ಇಲ್ಲ, ಕೊರತೆಯೂ ಇಲ್ಲವೆಂದು ಒಪ್ಪಿ ರುಜು ಮಾಡಿರುತ್ತೇನೆ.

ಸ್ಥಳ: ಸ್ಕೆಲ್‌ವಿಕ್ ಪೊಲೀಸ್ ಠಾಣೆ
ದಿನಾಂಕ: 20ನೇ ನವೆಂಬರ್ 1869

(ಸಹಿ) ಡಾರ್ಕಸ್ ಥರ್ಕೆಲ್

ನನ್ನ ಮುಂದೆ,
(ಸಹಿ) ಸಾರ್ಜೆಂಟ್ ಬುಲ್ಮರ್